ಗುಡ್ಡದ ಮೇಲಿನ ಶಾಲೆಗೆ ಇಂಟರ್ನೆಟ್: ಲೈನು ಎಳೆಸುವ ಮೊದಲು

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ, ಕರ್ನಾಟಕದ ಗಡಿಗೆ ಹತ್ತಿರ ಗುಡ್ಡದ ಮೇಲಿರುವ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ಕನ್ನಡ ಮಾಧ್ಯಮ, 140 ಮಕ್ಕಳು, 9 ಮಂದಿ ಅಧ್ಯಾಪಕರು. 6 ಲ್ಯಾಪ್‌ಟಾಪ್, 3 ಪ್ರೊಜೆಕ್ಟರ್ ಇವೆ. ಇಂಟರ್ನೆಟ್ ಬೇಕಾದಾಗ ಟೀಚರೊಬ್ಬರ ಮೊಬೈಲ್ ಹಾಟ್‌ಸ್ಪಾಟೇ ಗತಿ. ಹಿಂದೆ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ಎರಡು ಸಲ ಸಿಡಿಲಿಗೆ ಮೋಡೆಮ್ ಸುಟ್ಟುಹೋದ ಮೇಲೆ ಬಿಟ್ಟುಬಿಟ್ಟೆವು. ಈಗ ಹಳೆ ವಿದ್ಯಾರ್ಥಿಗಳು 60,000 ರೂಪಾಯಿ ಕೂಡಿಸಿ ಕೊಟ್ಟಿದ್ದಾರೆ. ಪಿ.ಟಿ.ಎ. ಸಭೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. 4ಜಿ ಸಿಮ್ ಹಾಕುವ ರೂಟರ್ ಸಾಕು ಎನ್ನುವವರಿದ್ದಾರೆ. ಕೇಬಲ್‌ನವರು 700 ಮೀಟರ್ ದೂರದ ರಸ್ತೆಯಿಂದ ಫೈಬರ್ ಎಳೆದುಕೊಡುತ್ತೇವೆ, ತಿಂಗಳಿಗೆ 700 ರೂಪಾಯಿ, 100 ಎಂಬಿಪಿಎಸ್ ಎನ್ನುತ್ತಾರೆ. ಎದುರು ಗುಡ್ಡದಲ್ಲಿ, ಸುಮಾರು 2 ಕಿ.ಮೀ. ದೂರದಲ್ಲಿ, ಫೈಬರ್ ಇರುವ ಮನೆಯಿಂದ ವೈರ್‌ಲೆಸ್ ತರಬಹುದು ಎಂದು ಇನ್ನೊಬ್ಬರು. ಕೇರಳ ಸರಕಾರದ ಫೈಬರ್ ಜಾಲ ಕೆ-ಫೋನ್ ಬರುತ್ತದೆ, ಕಾಯಿರಿ ಎಂದು ಮತ್ತೊಬ್ಬರು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು, ಆ ದುಡ್ಡಿಗೆ ಟ್ಯಾಬ್ ಕೊಳ್ಳಿ, ಇಂಟರ್ನೆಟ್ ಆಮೇಲೆ ನೋಡೋಣ ಎನ್ನುತ್ತಾರೆ. ನನಗಿರುವ ಹೆದರಿಕೆ ಇಷ್ಟೆ: ದುಡ್ಡು ಹಾಕಿ ಎರಡೇ ಮಳೆಗಾಲದಲ್ಲಿ ಎಲ್ಲ ಮೂಲೆಗೆ ಸೇರಬಾರದು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇಂಟರ್ನೆಟ್‌ನಲ್ಲಿ ಉಪಯೋಗಕ್ಕೆ ಬರುವಂಥದ್ದು ಏನಾದರೂ ಇದೆಯೇ ಎಂಬುದೂ ಗೊತ್ತಿಲ್ಲ.

ಉತ್ತರ: ನಿಮ್ಮ ಹೆದರಿಕೆ ಸರಿಯಾದ ಜಾಗದಲ್ಲೇ ಇದೆ. ಶಾಲೆಗಳಲ್ಲಿ ಇಂಟರ್ನೆಟ್ ಸಾಯುವುದು ಲೈನು ನಿಧಾನವಾದ್ದರಿಂದ ಅಲ್ಲ. ಸಿಡಿಲು, ಕರೆಂಟು, ಗೆದ್ದಲು ಹಿಡಿದ ಗೋಡೆಯ ಮೇಲೆ ನೇತಾಡುವ ಕೇಬಲ್, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ರೂಟರ್, ಕಟ್ಟಲು ಮರೆತ ಬಿಲ್ಲು, ಇವುಗಳಿಂದ ಸಾಯುತ್ತದೆ. ಹಾಗಾಗಿ 60,000ದಲ್ಲಿ ಹೆಚ್ಚಿನ ಪಾಲು ಲೈನಿನ ವೇಗಕ್ಕೆ ಹೋಗಬಾರದು; ಲೈನು ಬದುಕಿ ಉಳಿಯಲು, ಮತ್ತು ಲೈನು ಇಲ್ಲದ ದಿನವೂ ಪಾಠ ನಡೆಯಲು ಹೋಗಬೇಕು.

ಮೊದಲು ಟ್ಯಾಬ್‌ನ ಮಾತು ಮುಗಿಸೋಣ. ಇದು ಜಗತ್ತು ದುಬಾರಿ ಬೆಲೆ ಕೊಟ್ಟು ಕಲಿತ ಪಾಠ. ಪೆರು ದೇಶ 'ಒಂದು ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ ಹಳ್ಳಿಯ ಶಾಲೆಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಬಹುಪಾಲು ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 319 ಶಾಲೆಗಳನ್ನು ಹೋಲಿಸಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. 2007ರಲ್ಲೇ ಇಂಥ ಕೆಲಸ ಶುರು ಮಾಡಿದ ಉರುಗ್ವೆ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವುದರ ಜೊತೆಗೇ ಶಾಲೆಗಳಿಗೆ ಸಂಪರ್ಕವನ್ನೂ ಒದಗಿಸಿತು. ಆ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ನಿಮ್ಮ ಶಾಲೆಯಲ್ಲಿ 6 ಲ್ಯಾಪ್‌ಟಾಪ್, 3 ಪ್ರೊಜೆಕ್ಟರ್ ಆಗಲೇ ಇವೆ. ಅವನ್ನು ದಿನಾ ಬಳಕೆಗೆ ತರುವುದೇ ಮೊದಲ ಕೆಲಸ. ಟ್ಯಾಬ್ ಕೊಡಿಸುವ ಮನಸ್ಸಿದ್ದವರ ಬಳಿ, ಅದರ ಬದಲು ಎರಡು ವರ್ಷದ ಬಿಲ್ಲು ವಹಿಸಿಕೊಳ್ಳಿ ಎಂದು ಕೇಳಿ. ಶಾಲೆಗೆ ನಿಜವಾಗಿ ಕಷ್ಟವಾಗುವುದು ಅದೇ.

ಎಷ್ಟು ವೇಗ ಬೇಕು? ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಜಗತ್ತಿನ ಎಲ್ಲ ಶಾಲೆಗಳನ್ನು ಜೋಡಿಸಲು 2019ರಲ್ಲಿ 'ಗಿಗಾ' ಎಂಬ ಕಾರ್ಯಕ್ರಮ ಆರಂಭಿಸಿದವು. 2030ಕ್ಕೆಂದು ವಿಶ್ವಸಂಸ್ಥೆ ಇಟ್ಟುಕೊಂಡ ಗುರಿಯಲ್ಲಿ ಒಂದು ಶಾಲೆಗೆ ಕನಿಷ್ಠ 20 ಎಂಬಿಪಿಎಸ್, ಒಂದು ಮಗುವಿಗೆ 50 ಕೆಬಿಪಿಎಸ್ ಎಂದಿದೆ (ಎರಡೂ ವೇಗದ ಅಳತೆ; 1,000 ಕೆಬಿಪಿಎಸ್ ಎಂದರೆ 1 ಎಂಬಿಪಿಎಸ್). ನಿಮ್ಮ 140 ಮಕ್ಕಳಿಗೆ ಆ ಲೆಕ್ಕದಲ್ಲಿ 7 ಎಂಬಿಪಿಎಸ್. ಅಂದರೆ ನಿಜಕ್ಕೂ 20 ಸಿಕ್ಕರೆ ನಿಮ್ಮ ಶಾಲೆಗೆ ಧಾರಾಳ. 100ರ ಜಾಹೀರಾತು ನೋಡಿ ಮರುಳಾಗಬೇಕಾಗಿಲ್ಲ. 50 ಎಂದರೆ ಕಡಿಮೆಯಾಯಿತೆಂದು ಬೇಸರಿಸಬೇಕಾಗಿಯೂ ಇಲ್ಲ.

ಕೈಲೆಕ್ಕ ಹೀಗಿದೆ. ಯೂಟ್ಯೂಬ್ ವಿಡಿಯೊವನ್ನು 480ಪಿ ಎಂಬ ಸಾಧಾರಣ ಸ್ಪಷ್ಟತೆಯ ಮಟ್ಟದಲ್ಲಿ ನೋಡಲು ಸುಮಾರು 1.1 ಎಂಬಿಪಿಎಸ್ ಬೇಕು, ಇನ್ನೂ ಸ್ಪಷ್ಟವಾದ 720ಪಿಗೆ 2.5. ಪ್ರೊಜೆಕ್ಟರಿನಲ್ಲಿ 40 ಮಕ್ಕಳು ಒಟ್ಟಿಗೆ ನೋಡುವ ಪಾಠಕ್ಕೆ 480ಪಿ ಸಾಕು. ಸಣ್ಣ ಅಕ್ಷರ ಓದಬೇಕಾದಲ್ಲಿ ಮಾತ್ರ 720. ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡಿದರೂ 8 ಎಂಬಿಪಿಎಸ್ ದಾಟುವುದಿಲ್ಲ. ಇನ್ನು ಡೇಟಾ: ಒಂದು ಕೋಣೆಯಲ್ಲಿ ದಿನಕ್ಕೆ 20 ನಿಮಿಷದ ನಾಲ್ಕು ವಿಡಿಯೊ ನೋಡಿದರೆ 660 ಎಂಬಿ. ಮೂರು ಕೋಣೆಗೆ ಹತ್ತಿರಹತ್ತಿರ 2 ಜಿಬಿ. ತಿಂಗಳಿಗೆ 22 ದಿನ ಶಾಲೆ ಎಂದರೆ 44 ಜಿಬಿ. ಫೈಬರ್ ಪ್ಲಾನಿಗೆ ಇದು ಏನೂ ಅಲ್ಲ. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಸಿಮ್ಮಿಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೋಟಾ ಮುಗಿದು, ಮತ್ತೆ ಸಂಜೆಯವರೆಗೆ ಚಕ್ರ ತಿರುಗುತ್ತಿರುತ್ತದೆ. 'ಮೊದಲ ವಾರ ಚೆನ್ನಾಗಿತ್ತು, ಆಮೇಲೆ ನಿಧಾನವಾಯಿತು' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಕೋಟಾ, ಅಥವಾ ಪಾಸ್‌ವರ್ಡ್ ಹರಡಿ ಇಪ್ಪತ್ತು ಮೊಬೈಲುಗಳು ಒಳಗೊಳಗೇ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುವುದು.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಆಯ್ಕೆ ಫೈಬರ್, ಬೆನ್ನಿಗೆ ಒಂದು ಸಿಮ್. ಯಾಕೆಂದು ಹೇಳುತ್ತೇನೆ.

ಸಿಮ್ ರೂಟರಿನ ಅನುಕೂಲ, ತಂತಿಯೇ ಬೇಡ. ಆದರೆ ಅದು ಕೆಲಸ ಮಾಡುವುದು ಟವರಿನ ಮರ್ಜಿಯ ಮೇಲೆ. ಮೊಬೈಲಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಸಿಗ್ನಲ್ ಅಳೆಯುವ ಉಚಿತ ಆ್ಯಪ್ ಹಾಕಿ ಟವರಿನ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಹೇಳುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ: ಮೈನಸ್ 80ರ ಆಸುಪಾಸು ಚೆನ್ನ, ಮೈನಸ್ 100 ದುರ್ಬಲ, ಮೈನಸ್ 110 ದಾಟಿದರೆ ಆಸೆ ಬಿಡಿ. ಜೊತೆಗಿರುವ ಎಸ್‌ಐಎನ್‌ಆರ್, ಅಂದರೆ ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ ಎಂಬ ಅಂಕಿ, 10ಕ್ಕಿಂತ ಮೇಲಿರಬೇಕು. ಆಫೀಸು ಕೋಣೆ, ಜಗಲಿ, ಮೈದಾನದ ಮೂಲೆ, ಮೂರೂ ಕಡೆ ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಅಳೆಯಿರಿ. ಗಡಿಯಲ್ಲಿ ಇನ್ನೊಂದು ತೊಂದರೆ ಇದೆ: ಫೋನು ಒಮ್ಮೆ ಕೇರಳದ ಟವರು, ಒಮ್ಮೆ ಕರ್ನಾಟಕದ ಟವರು ಹಿಡಿಯುತ್ತದೆ. ಪ್ರತಿ ಸಲ ಬದಲಾಗುವಾಗ ವಿಡಿಯೊ ಕಾಲ್ ಕಡಿಯುತ್ತದೆ. ಬ್ಯಾಂಡ್ (ರೇಡಿಯೊ ತರಂಗಾಂತರದ ಪಟ್ಟಿ) ಅಥವಾ ಟವರ್ ಲಾಕ್ ಮಾಡುವ ಸೌಲಭ್ಯವಿರುವ ರೂಟರ್ ಕೊಂಡು, ಬಲವಾದ ಒಂದಕ್ಕೆ ಕಟ್ಟಿಹಾಕಿದರೆ ಇದು ನಿಲ್ಲುತ್ತದೆ. ಮುಖ್ಯ ಲೈನಾಗಿ ಸಿಮ್ ಬೇಡ. ಫೈಬರ್ ತುಂಡಾದ ದಿನ ಹಾಜರಿ, ಊಟದ ಲೆಕ್ಕ ಕಳುಹಿಸಲು ಇರಲಿ.

ಎದುರು ಗುಡ್ಡದಿಂದ ವೈರ್‌ಲೆಸ್ ತರುವುದು ಅಸಾಧ್ಯದ ಮಾತಲ್ಲ. 5.8 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ನಿಗದಿತ ಶಕ್ತಿಯ ಒಳಗೆ, ಕೇಂದ್ರ ಸರಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಅನುಮೋದನೆ ಇರುವ ಉಪಕರಣ ಬಳಸಲು ಲೈಸೆನ್ಸ್ ಬೇಡ. 2018ರ ಅಕ್ಟೋಬರಿನ ಕೇಂದ್ರ ಸರಕಾರದ ಅಧಿಸೂಚನೆ ಇದನ್ನು ಇನ್ನಷ್ಟು ವಿಸ್ತರಿಸಿತು. ಆದರೆ 'ಆ ಮನೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸಿಗ್ನಲ್ ಬರುತ್ತದೆ' ಎಂಬುದು ಅರ್ಧ ಸತ್ಯ. ರೇಡಿಯೊ ಅಲೆ ಎರಡು ಆ್ಯಂಟೆನಾಗಳ ನಡುವೆ ದಾರದಂತೆ ಸಾಗುವುದಿಲ್ಲ, ಮಂಗಳೂರು ಸೌತೆಯಂತೆ ನಡುವಿನಲ್ಲಿ ಉಬ್ಬಿರುತ್ತದೆ. 2 ಕಿ.ಮೀ. ದೂರಕ್ಕೆ ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು 5 ಮೀಟರ್. ಅದರ 60 ಶೇಕಡ, ಅಂದರೆ ಕಣ್ಣಿನ ನೇರ ಗೆರೆಯಿಂದ ಸುತ್ತಲೂ 3 ಮೀಟರ್, ಖಾಲಿ ಇರಲೇಬೇಕು. ನಡುವೆ ಅಡಿಕೆ ತೋಟವಿದ್ದರೆ ಅದು ವರ್ಷ ವರ್ಷವೂ ಮೇಲೇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. 'ಮಳೆಗೆ ವೈರ್‌ಲೆಸ್ ನಿಲ್ಲುತ್ತದೆ' ಎಂದು ಊರಲ್ಲೆಲ್ಲ ಹೇಳುತ್ತಾರೆ. ಈ ಬ್ಯಾಂಡಿನಲ್ಲಿ 2 ಕಿ.ಮೀ. ಒಳಗೆ ಮಳೆ ಹನಿ ನುಂಗುವ ಸಿಗ್ನಲ್ ತೀರಾ ಅಲ್ಪ. ನಿಜವಾದ ಅಪರಾಧಿ, ಹಾದಿಗೆ ಅಡ್ಡ ಬಂದ ಒದ್ದೆ ಸೋಗೆ ಮತ್ತು ಗಾಳಿಗೆ ಕೋನ ತಪ್ಪಿದ ಕಂಬ. ಇನ್ನೊಂದು ತೊಡಕು ಕಾಗದದ್ದು: ಮನೆಯ ಹೆಸರಿನಲ್ಲಿರುವ ಕನೆಕ್ಷನ್ನನ್ನು ಇನ್ನೊಂದು ಸಂಸ್ಥೆಗೆ ಹಂಚಲು ಕಂಪನಿಯ ಷರತ್ತು ಸಾಮಾನ್ಯವಾಗಿ ಬಿಡುವುದಿಲ್ಲ. ಆ ಮನೆಯವರು ಮನೆ ಮಾರಿದರೆ, ಮುನಿಸಿಕೊಂಡರೆ ಶಾಲೆಗೆ ಕತ್ತಲೆ. 700 ಮೀಟರಿನಲ್ಲಿ ಫೈಬರ್ ಇರುವಾಗ ಈ ದಾರಿ ಹಿಡಿಯಬೇಡಿ.

ಉಪಗ್ರಹದ ಬಗ್ಗೆ ಯಾರಾದರೂ ಹೇಳಿದರೆ, ಅದು ಬೇರೇನೂ ತಲುಪದ ಶಾಲೆಗಳ ಮಾತು. ಭಾರತ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಡಾಯಿಸಿತು. ಕೇರಳದ ಶೈಕ್ಷಣಿಕ ಟಿವಿ ಚಾನೆಲ್ ವಿಕ್ಟರ್ಸ್ ಹುಟ್ಟಿದ್ದು ಅದರ ಬಲದಿಂದ. ಪಾಠ ಬಿತ್ತರಿಸಲು ಅದು ಒಳ್ಳೆಯ ಸಾಧನವಾಗಿತ್ತು. ಆದರೆ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಬರುವ ಸಂಪರ್ಕದಲ್ಲಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಎದುರುಬದುರು ಮಾತಿಗೆ ಅದು ತೊಡಕು. ಭೂಮಿಗೆ ಹತ್ತಿರ ಸುತ್ತುವ ಹೊಸ ಉಪಗ್ರಹಗಳಲ್ಲಿ ಈ ತಡ ಇಲ್ಲ. ಆದರೆ ಅವಕ್ಕೆ ಮರವಿಲ್ಲದ ತೆರೆದ ಆಕಾಶ ಬೇಕು, ಖರ್ಚೂ ಹೆಚ್ಚು.

ಕೆ-ಫೋನ್ ವಿಚಾರ. 2023ರ ಜೂನ್ 5ರಂದು ಉದ್ಘಾಟನೆಯಾದ ಈ ಜಾಲ ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯ ಕಂಬ, ಲೈನುಗಳ ಮೇಲೆಯೇ ಫೈಬರ್ ಹಾಯಿಸುತ್ತದೆ. 30,000ದಷ್ಟು ಸರಕಾರಿ ಕಚೇರಿ, ಶಾಲೆಗಳನ್ನು ಜೋಡಿಸುವುದು ಅದರ ಗುರಿ. ಅದರ ಹೊರತು, 2018ರಲ್ಲಿ ಶುರುವಾದ ಹೈಟೆಕ್ ಯೋಜನೆ 8ರಿಂದ 12ನೇ ತರಗತಿಯವರೆಗಿನ ಕೋಣೆಗಳಿಗೂ, 2019ರಲ್ಲಿ ಬಂದ ಪ್ರಾಥಮಿಕ ಹೈಟೆಕ್ ಲ್ಯಾಬ್ ಯೋಜನೆ 1ರಿಂದ 7ರವರೆಗಿನ ಶಾಲೆಗಳಿಗೂ ಉಪಕರಣ ಒದಗಿಸಿದವು. ಆದ್ದರಿಂದ ಕೇಬಲ್‌ನವರಿಗೆ ಮುಂಗಡ ಕೊಡುವ ಮೊದಲು ಹೆಡ್‌ಮಾಸ್ಟ್ರ ಸಹಿಯ ಒಂದು ಪತ್ರ, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ ಕೈಟ್‌ನ ಕಾಸರಗೋಡು ಜಿಲ್ಲಾ ಕಚೇರಿಗೆ ಹೋಗಲಿ: ನಮ್ಮ ಶಾಲೆಗೆ ಸಂಪರ್ಕ ಮಂಜೂರಾಗಿದೆಯೇ, ಆಗುವುದಿದ್ದರೆ ಯಾವಾಗ ಎಂದು. ಉತ್ತರ ಬರುವವರೆಗೆ ಶಾಲೆಯ ಒಳಗಿನ ಕೆಲಸ ಮಾಡಿಸಿ. ಹೊರಗಿನಿಂದ ಯಾವ ಲೈನೇ ಬರಲಿ, ಒಳಗಿನ ಕೇಬಲ್, ಅರ್ತಿಂಗ್, ಬ್ಯಾಟರಿ ಹೇಗೂ ಬೇಕು. ಸರಕಾರದ ಲೈನು ಎರಡು ವರ್ಷ ಬಿಟ್ಟು ಬಂದರೂ ಆ ದುಡ್ಡು ವ್ಯರ್ಥವಾಗುವುದಿಲ್ಲ.

ಫೈಬರ್ ಎಳೆಸುವಾಗ ಏನೇನು ಗಮನಿಸಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕೆಡುವುದು ಇಲ್ಲೇ. ಎಳೆಯುವವರಿಗೆ ತೋಟದ ನಡುವಿನ ಅಡ್ಡದಾರಿ ಸುಲಭ, ಉದ್ದವೂ ಕಡಿಮೆ. ಒಪ್ಪಬೇಡಿ. ಮಳೆಗಾಲದಲ್ಲಿ ತೆಂಗಿನ ಮಡಲು, ಅಡಿಕೆ ಸೋಗೆ ಬಿದ್ದು ತುಂಡಾಗುವುದು, ಅಳಿಲು ಕಚ್ಚುವುದು, ಮಂಗ ಜೋತಾಡುವುದು ಎಲ್ಲ ಆ ದಾರಿಯಲ್ಲೇ. 150 ಮೀಟರ್ ಹೆಚ್ಚಾದರೂ ರಸ್ತೆಬದಿಯ ಕಂಬದ ಮೇಲೇ ಬರಲಿ. ಕಂಬ ಬಳಸುವ ಅನುಮತಿ ಅವರ ಜವಾಬ್ದಾರಿ. ಶಾಲೆಯ ಬಳಿಯ ಕಂಬದಲ್ಲಿ 10ರಿಂದ 15 ಮೀಟರ್ ಕೇಬಲ್ ಸುರುಳಿ ಸುತ್ತಿ ಬಿಡಲು ಹೇಳಿ. ತುಂಡಾದಾಗ ಆ ಸುರುಳಿಯಿಂದ ಎಳೆದು ಜೋಡಿಸಬಹುದು; ಇಲ್ಲವಾದರೆ ಎರಡು ಕಡೆ ಜಾಯಿಂಟ್, ಎರಡು ಕಡೆ ನೀರು ಇಳಿಯುವ ಅವಕಾಶ.

ಜೋಡಿಸಿದ ದಿನ ಮೋಡೆಮಿನ, ಅಂದರೆ ಓಎನ್‌ಟಿಯ, ಸೆಟ್ಟಿಂಗ್ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆಸಿ 'ಆರ್‌ಎಕ್ಸ್ ಪವರ್' ಎಂಬ ಅಂಕಿಯನ್ನು, ಅಂದರೆ ಫೈಬರಿನಿಂದ ಎಷ್ಟು ಬೆಳಕು ಬಂದು ಮುಟ್ಟುತ್ತಿದೆ ಎಂಬುದನ್ನು, ನೀವೇ ಓದಿ. ಮೈನಸ್ 18ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ಒಳ್ಳೆಯದು. ಮೈನಸ್ 27ಕ್ಕೆ ಹತ್ತಿರವಿದ್ದರೆ ಇಂದು ಕೆಲಸ ಮಾಡುತ್ತದೆ, ಆಟಿಯ ಮಳೆಯಲ್ಲಿ ಕೈಕೊಡುತ್ತದೆ. ಆ ಅಂಕಿಯನ್ನು ತಾರೀಕು ಸಹಿತ ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿ. ಆರು ತಿಂಗಳ ಮೇಲೆ ಅದು 3 ಕುಸಿದಿದ್ದರೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದು ಅರ್ಥ: ಎಲ್ಲೋ ಕೇಬಲ್ ಮಡಿಚಿದೆ, ಇಲ್ಲವೇ ಕನೆಕ್ಟರಿಗೆ ಧೂಳು ಕೂತಿದೆ, ಇಲ್ಲವೇ ಜಾಯಿಂಟ್ ಪೆಟ್ಟಿಗೆಗೆ ನೀರು ಹೋಗಿದೆ. 'ನೆಟ್ ಸ್ಲೋ' ಎಂದು ದೂರು ಕೊಟ್ಟರೆ 'ರೀಸ್ಟಾರ್ಟ್ ಮಾಡಿ' ಎಂಬ ಉತ್ತರ ಬರುತ್ತದೆ. 'ಆರ್‌ಎಕ್ಸ್ ಮೈನಸ್ 21 ಇದ್ದದ್ದು ಮೈನಸ್ 26 ಆಗಿದೆ' ಎಂದರೆ ಲೈನ್‌ಮ್ಯಾನ್ ಬರುತ್ತಾರೆ. ಹಸಿರು ಬಣ್ಣದ ಆ ಕನೆಕ್ಟರನ್ನು ಬಟ್ಟೆಯಿಂದಾಗಲಿ ಬೆರಳಿನಿಂದಾಗಲಿ ಒರೆಸಬೇಡಿ. ಕೇಬಲನ್ನು ಮೊಳೆಗೆ ಬಿಗಿದು ಮಡಿಚಬೇಡಿ. ಬಾಗಿಸುವುದಾದರೆ ಚಹದ ಸಾಸರಿನಷ್ಟು ಅಗಲದ ಸುತ್ತು ಇರಲಿ.

ಈಗ ಸಿಡಿಲು. ನಿಮ್ಮ ಎರಡು ಮೋಡೆಮ್ ಸುಟ್ಟದ್ದು ಶಾಲೆಗೇ ಸಿಡಿಲು ಬಡಿದಿದ್ದರಿಂದ ಆಗಿರಲಾರದು. ಕಿಲೋಮೀಟರ್ ಆಚೆ ಬಡಿದದ್ದೂ ಟೆಲಿಫೋನಿನ ತಾಮ್ರದ ತಂತಿಯಲ್ಲಿ ಮತ್ತು ಕರೆಂಟಿನ ಲೈನಿನಲ್ಲಿ ಬೇರೆ ಬೇರೆ ಒತ್ತಡ ಏಳಿಸುತ್ತದೆ. ಎರಡೂ ಬಂದು ಸೇರುವ ಜಾಗ ಮೋಡೆಮ್. ಆ ವ್ಯತ್ಯಾಸ ಅದರೊಳಗೆ ಹಾಯುತ್ತದೆ. ಫೈಬರಿನ ಗಾಜಿನ ಎಳೆ ವಿದ್ಯುತ್ ಒಯ್ಯದು, ಹಾಗಾಗಿ ಅರ್ಧ ಅಪಾಯ ತಾನಾಗಿ ಹೋಗುತ್ತದೆ. ಆದರೆ 'ಫೈಬರಿಗೆ ಸಿಡಿಲಿನ ಭಯವೇ ಇಲ್ಲ' ಎಂಬುದು ತಪ್ಪು. ಕಂಬದಿಂದ ಕಟ್ಟಡಕ್ಕೆ ಬರುವ ಹೆಚ್ಚಿನ ಡ್ರಾಪ್ ಕೇಬಲಿನಲ್ಲಿ ಭಾರ ಹೊರಲು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಕಟ್ಟಡದ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಬೇಕು. ಕೋಣೆಯೊಳಗೆ ಮೋಡೆಮಿನ ತನಕ ತರಬಾರದು. ಉಕ್ಕಿನ ಬದಲು ವಿದ್ಯುತ್ ಒಯ್ಯದ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಉಳಿದ ಅರ್ಧ ಅಪಾಯ ಕರೆಂಟಿನ ದಾರಿಯಲ್ಲಿ. ಮೇನ್ ಬೋರ್ಡಿನಲ್ಲಿ, ಲೈನಿನಲ್ಲಿ ದಿಢೀರನೆ ಏರುವ ಒತ್ತಡವನ್ನು ನೆಲಕ್ಕೆ ಇಳಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದರ ಜೋಡಣೆಯ ವೈರುಗಳು ಒಟ್ಟು ಅರ್ಧ ಮೀಟರಿಗಿಂತ ಉದ್ದವಾದರೆ ಪ್ರಯೋಜನ ತಗ್ಗುತ್ತದೆ. ಅದು ಅರ್ತಿಂಗ್ ಇದ್ದಷ್ಟೇ ಗಟ್ಟಿ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ತೊಂದರೆಯೇ ಅದು: ಬೇಸಿಗೆಯ ಕೊನೆಗೆ ನೆಲ ಒಣಗಿ ಅರ್ತ್ ಸತ್ತಂತಿರುತ್ತದೆ, ಏಪ್ರಿಲ್-ಮೇಯ ಮೊದಲ ಗುಡುಗು ಬರುವುದೂ ಆಗಲೇ. ಮಳೆಗಾಲದಲ್ಲಿ ಅಳೆದು 'ಚೆನ್ನಾಗಿದೆ' ಎಂದರೆ ನಂಬಬೇಡಿ. ಮಾರ್ಚ್ ಕೊನೆಗೆ ಅರ್ತ್ ಟೆಸ್ಟರ್ ಹಿಡಿದು ಅಳೆಯಲು ಹೇಳಿ. 5 ಓಮ್ ಒಳಗೆ ಬಂದರೆ ಉತ್ತಮ. ಬರದಿದ್ದರೆ ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣಿನ ಮಿಶ್ರಣ ತುಂಬಿದ ಇನ್ನೊಂದು ಗುಂಡಿ ತೋಡಿ ಹಳೆಯದಕ್ಕೆ ಜೋಡಿಸಿ. 'ಕಂಪ್ಯೂಟರಿಗೆ ಪ್ರತ್ಯೇಕ ಅರ್ತ್' ಎಂದು ಬೇರೆಯೇ ಗುಂಡಿ ಮಾಡಿ ಒಂಟಿಯಾಗಿ ಬಿಡುವ ಪದ್ಧತಿ ಇದೆ. ಅದು ಅಪಾಯಕಾರಿ: ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸವೇ ಉಪಕರಣವನ್ನು ಸುಡುತ್ತದೆ. ಎಲ್ಲವೂ ಒಂದಕ್ಕೊಂದು ಜೋಡಿರಬೇಕು.

ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಗಾಳಿಯಲ್ಲಿ ಎಳೆಯಬೇಡಿ. ಆಫೀಸಿನಿಂದ ಲ್ಯಾಬಿಗೆ 40 ಮೀಟರೇ ಇರಲಿ, ಫೈಬರ್ ತುಂಡು ಮತ್ತು ಅದನ್ನು ಎರಡೂ ತುದಿಯಲ್ಲಿ ಲ್ಯಾನ್ ಕೇಬಲಿಗೆ ಜೋಡಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕಿ. ಖರ್ಚು ಸ್ವಲ್ಪ ಹೆಚ್ಚು. ಒಂದೇ ಗುಡುಗಿಗೆ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆ) ಮತ್ತು ನಾಲ್ಕು ಲ್ಯಾಪ್‌ಟಾಪ್ ಹೋಗುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ, ಒಂದು ಪೈಸೆ ಖರ್ಚಿಲ್ಲದ ಅಭ್ಯಾಸವೇ ಎಲ್ಲಕ್ಕಿಂತ ಗಟ್ಟಿ ರಕ್ಷಣೆ. ನಮ್ಮಲ್ಲಿ ಬೇಸಿಗೆಯ ಕೊನೆಯ ಮತ್ತು ತುಲಾ ತಿಂಗಳ ಗುಡುಗು ಬಹುತೇಕ ಮಧ್ಯಾಹ್ನದ ನಂತರ, ಸಂಜೆ. ನಾಲ್ಕು ಗಂಟೆಗೆ ಶಾಲೆ ಬಿಡುವಾಗ ಮೋಡೆಮಿನ ಪ್ಲಗ್ಗು ಕಿತ್ತಿಡಲಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಬಾಗಿಲು ಹಾಕುವವರ ಕೆಲಸದ ಪಟ್ಟಿಯಲ್ಲಿ ಇದು ಸೇರಲಿ.

ಕರೆಂಟು ಹೋದಾಗ? ಇಡೀ ಶಾಲೆಗೆ ಇನ್ವರ್ಟರ್ ಎಂದು ಹೊರಡಬೇಡಿ. ಮೋಡೆಮಿಗೆ ಬೇಕಾಗುವುದು 12 ವೋಲ್ಟ್, ಸುಮಾರು 10 ವಾಟ್. ಇನ್ವರ್ಟರ್ 12ನ್ನು 230 ಮಾಡಿ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುವ ಸುತ್ತಾಟದಲ್ಲಿ ಮೋಡೆಮ್ ತಿನ್ನುವಷ್ಟೇ ಕರೆಂಟು ದಾರಿಯಲ್ಲಿ ಸೋರಿಹೋಗಬಹುದು. ನೇರ 12 ವೋಲ್ಟ್ ಕೊಡುವ ಡಿಸಿ ಯುಪಿಎಸ್ ಕೊಳ್ಳಿ. 7 ಎಎಚ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇರುತ್ತದೆ, ಅರ್ಧದಷ್ಟೇ ಬಳಸಬೇಕು. ಮೋಡೆಮ್ ಒಂದೇ ಆದರೆ ನಾಲ್ಕು ಗಂಟೆ. ಮೋಡೆಮ್, ನೆಟ್‌ವರ್ಕ್ ಸ್ವಿಚ್, ಎರಡು ವೈಫೈ ಪೆಟ್ಟಿಗೆ ಸೇರಿ 35 ವಾಟ್ ಆದರೆ 12 ವೋಲ್ಟ್ 40 ಎಎಚ್ ಬ್ಯಾಟರಿ ಆರು ಗಂಟೆ ತಳ್ಳುತ್ತದೆ. ಅದಕ್ಕಾಗಿ 12 ವೋಲ್ಟಿನಲ್ಲೇ ನಡೆಯುವ ವೈಫೈ ಪೆಟ್ಟಿಗೆಗಳನ್ನೇ ಆರಿಸಿ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇದೆ. 300 ವಾಟಿನ ಪ್ರೊಜೆಕ್ಟರ್ ಇದರಲ್ಲಿ ನಡೆಯದು. ಕರೆಂಟಿಲ್ಲದ ಹೊತ್ತಿಗೆ ಲ್ಯಾಪ್‌ಟಾಪಿನ ಸುತ್ತ ಏಳೆಂಟು ಮಕ್ಕಳಂತೆ ಗುಂಪು ಮಾಡಿ.

ಶಾಲೆಯೊಳಗಿನ ವೈಫೈ ಬಗ್ಗೆ ಚುಟುಕಾಗಿ. ಆರು ಆ್ಯಂಟೆನಾ ಇರುವ ಒಂದು ರೂಟರ್ ಇಡೀ ಶಾಲೆಗೆ ಸಾಕು ಎಂಬುದು ಅಂಗಡಿಯ ಮಾತು. ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಇನ್ನಷ್ಟು. ಎರಡು ತರಗತಿಗೆ ಒಂದರಂತೆ ಸಾಧಾರಣ ಪೆಟ್ಟಿಗೆ ಹಾಕಿ, ಅವಕ್ಕೆ ಲ್ಯಾನ್ ಕೇಬಲಿನಿಂದಲೇ ಸಂಪರ್ಕ ಕೊಡಿ, 2.4 ಗಿಗಾಹರ್ಟ್ಸ್ ಚಾನೆಲ್ಲುಗಳನ್ನು 1, 6, 11 ಎಂದು ಬೇರೆ ಬೇರೆ ಇಡಿ. ಕೇಬಲ್ ಅಪ್ಪಟ ತಾಮ್ರದ್ದೇ ಆಗಿರಲಿ. ಅಗ್ಗಕ್ಕೆ ಸಿಗುವುದು ಅಲ್ಯುಮಿನಿಯಮ್ ಮೇಲೆ ತಾಮ್ರದ ಲೇಪ. ಕರಾವಳಿಯ ತೇವಕ್ಕೆ ಎರಡು ವರ್ಷದಲ್ಲಿ ತುದಿ ಕಿಲುಬು ಹಿಡಿಯುತ್ತದೆ. ಒಂದೇ ಓಟ 100 ಮೀಟರ್ ಮೀರಬಾರದು. ವೈಫೈ ಕಿರಣದಿಂದ ಮಕ್ಕಳಿಗೆ ಅಪಾಯ ಎಂದು ಯಾರಾದರೂ ಪಾಲಕರು ಕೇಳಿದರೆ: ವೈಫೈ ಪೆಟ್ಟಿಗೆಯ ಶಕ್ತಿ ವಾಟಿನ ಹತ್ತನೇ ಒಂದು ಭಾಗದಷ್ಟು, ಅದು ಎಕ್ಸ್‌ರೇಯಂತೆ ಕಣಗಳನ್ನು ಒಡೆಯುವ ವಿಕಿರಣವಲ್ಲ. ಕಿವಿಗೆ ಒತ್ತಿಕೊಂಡ ಮೊಬೈಲಿಗಿಂತ ಗೋಡೆಯ ಮೇಲಿನ ಪೆಟ್ಟಿಗೆಯಿಂದ ಮಗುವಿಗೆ ತಗಲುವುದು ಬಹಳ ಕಡಿಮೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೇರಳ ಪಠ್ಯಕ್ರಮದಲ್ಲಿ ಕನ್ನಡದಲ್ಲಿ ಓದುವ ಮಗುವಿಗೆ ಎರಡೂ ಕಡೆಯಿಂದ ಅರ್ಧರ್ಧ ಸಿಗುತ್ತದೆ: ಇಲ್ಲಿನ ಡಿಜಿಟಲ್ ಸಾಮಗ್ರಿ ಹೆಚ್ಚಾಗಿ ಮಲಯಾಳದಲ್ಲಿ, ಕನ್ನಡದ್ದು ಹೆಚ್ಚಾಗಿ ಕರ್ನಾಟಕದ ಪಠ್ಯಕ್ಕೆ. 'ಹಾಗಾಗಿ ನಮಗೇನೂ ಇಲ್ಲ' ಎಂಬ ತೀರ್ಮಾನ ಮಾತ್ರ ಸರಿಯಲ್ಲ. ಕೇರಳದ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲಿವೆ. ಫೆಟ್ ಎಂಬ ವಿಜ್ಞಾನ ಪ್ರಯೋಗಗಳ ಸಂಗ್ರಹದಲ್ಲಿ ಕನ್ನಡಕ್ಕೆ ತಂದ ಪ್ರಯೋಗಗಳಿವೆ. ಒಂದೊಂದನ್ನೂ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ದೀಕ್ಷಾ ಆ್ಯಪ್‌ನಲ್ಲಿ ಕರ್ನಾಟಕದ ಪಾಠಗಳನ್ನು ಇಳಿಸಿಡಬಹುದು. ಭಿನ್ನರಾಶಿ, ವಿದ್ಯುತ್ ಮಂಡಲ, ಜೀರ್ಣಾಂಗ ಎರಡೂ ರಾಜ್ಯಗಳಲ್ಲಿ ಒಂದೇ. ಅಧ್ಯಾಯದ ಕ್ರಮ, ತರಗತಿ ಬೇರೆ ಇರಬಹುದು. ನಮ್ಮ ಯಾವ ಪಾಠಕ್ಕೆ ಅವರ ಯಾವ ತುಣುಕು ಹೊಂದುತ್ತದೆ ಎಂಬ ಪಟ್ಟಿಯನ್ನು ಅಧ್ಯಾಪಕರು ಬೇಸಿಗೆ ರಜೆಯಲ್ಲಿ ಒಮ್ಮೆ ಮಾಡಿದರೆ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳೆಲ್ಲ ಅದನ್ನು ಬಳಸಬಹುದು. ದಯವಿಟ್ಟು ಇದಕ್ಕೆ ಸಮಯ ಕೊಡಿ. ಈ ಪಟ್ಟಿ ಇಲ್ಲದೆ ಫೈಬರ್ ಬಂದರೆ ಅದು ಕಚೇರಿ ಕೆಲಸಕ್ಕಷ್ಟೇ ಮುಗಿಯುತ್ತದೆ.

ಆ ಸಾಮಗ್ರಿಯನ್ನೆಲ್ಲ ಶಾಲೆಯೊಳಗೇ ಇಡಿ. 4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ 500 ಜಿಬಿಯ ಎಸ್‌ಎಸ್‌ಡಿ ಹಾಕಿ, ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಕೂರಿಸಿ, ಕೊಲಿಬ್ರಿ ಮತ್ತು ಕಿವಿಕ್ಸ್ ಎಂಬ ಎರಡು ಉಚಿತ ತಂತ್ರಾಂಶ ಸೇರಿಸಿ. ಮೊದಲನೆಯದು ಪಾಠಗಳ ಕಪಾಟು. ಎರಡನೆಯದರಲ್ಲಿ ಇಡೀ ಕನ್ನಡ ವಿಕಿಪೀಡಿಯ ಇಂಟರ್ನೆಟ್ ಇಲ್ಲದೆ ತೆರೆಯುತ್ತದೆ. ಇಂಟರ್ನೆಟ್ ಇಲ್ಲದ ಆಫ್ರಿಕಾ, ಏಷ್ಯಾದ ಶಾಲೆಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ. ವೈಫೈಗೆ ಸೇರಿದ ಲ್ಯಾಪ್‌ಟಾಪುಗಳೆಲ್ಲ ಆ ಡೆಸ್ಕ್‌ಟಾಪಿನಿಂದಲೇ ಪಾಠ ತೆಗೆದುಕೊಳ್ಳುತ್ತವೆ. ಹೊರಗಿನ ಲೈನು ಹೊಸದನ್ನು ತುಂಬಿಸಲು ಮಾತ್ರ. ವೆಬ್‌ಸೈಟುಗಳನ್ನು ತಾನಾಗಿ ಉಳಿಸಿಕೊಳ್ಳುವ ಪ್ರಾಕ್ಸಿ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂದಿನ ಸೈಟುಗಳೆಲ್ಲ ಗೂಢಲಿಪೀಕರಣಗೊಂಡು ಬರುವುದರಿಂದ ಅದು ಏನನ್ನೂ ಉಳಿಸಿಕೊಳ್ಳಲಾರದು. ಒಂದು ಅಪವಾದ: ಉಬುಂಟು ಅಪ್‌ಡೇಟ್‌ಗಳು. ನಿಮ್ಮ ಲ್ಯಾಪ್‌ಟಾಪುಗಳಲ್ಲೂ ಉಬುಂಟು ಇದ್ದರೆ, ಆಪ್ಟ್-ಕ್ಯಾಷರ್ ಎಂಬುದನ್ನು ಅದೇ ಡೆಸ್ಕ್‌ಟಾಪಿನಲ್ಲಿ ಹಾಕಿದರೆ ಒಂದು ಲ್ಯಾಪ್‌ಟಾಪ್ ಇಳಿಸಿದ್ದು ಉಳಿದ ಐದಕ್ಕೂ ಸಿಗುತ್ತದೆ.

ಮಕ್ಕಳ ಕಣ್ಣಿಗೆ ಬೇಡದ್ದು ಬೀಳಬಾರದಲ್ಲ, ಅದಕ್ಕೆ ರೂಟರಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಎಂದಿರುವ ಜಾಗದಲ್ಲಿ 1.1.1.3 ಎಂದು ಬರೆಯಿರಿ. ಉಚಿತ, ಅಶ್ಲೀಲ ಸೈಟುಗಳ ಬಹುಪಾಲು ನಿಲ್ಲುತ್ತದೆ. ಪೂರ್ತಿ ತಡೆಯುವ ಸಾಧನ ಯಾವುದೂ ಇಲ್ಲ, ದುಡ್ಡು ಕೊಟ್ಟರೂ ಇಲ್ಲ. ಹಾಗಾಗಿ ಲ್ಯಾಬಿನಲ್ಲಿ ಎಲ್ಲ ಪರದೆಗಳೂ ಬಾಗಿಲ ಕಡೆಗೆ, ಟೀಚರಿಗೆ ಕಾಣುವಂತೆ ಇರಲಿ. ಶಾಲೆಯ ಉಪಕರಣಗಳಿಗೆ ಒಂದು ವೈಫೈ ಹೆಸರು, ಅಧ್ಯಾಪಕರ ಮೊಬೈಲಿಗೆ ವೇಗ ಮಿತಿ ಇಟ್ಟ ಇನ್ನೊಂದು.

ದುಡ್ಡಿನ ಹಂಚಿಕೆ. 700ಕ್ಕೆ 18 ಶೇಕಡ ಜಿಎಸ್‌ಟಿ ಸೇರಿದರೆ ತಿಂಗಳಿಗೆ 826, ಎರಡು ವರ್ಷಕ್ಕೆ 19,824 ರೂಪಾಯಿ. ಇದನ್ನು ಮೊದಲೇ ಬೇರೆ ಖಾತೆಯಲ್ಲಿಡಿ. ಉಳಿದ 40,000ದಲ್ಲಿ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಮೊದಲು, ನಂತರ ಬ್ಯಾಟರಿ, ನಂತರ ಒಳಗಿನ ಕೇಬಲ್ ಮತ್ತು ವೈಫೈ, ಕೊನೆಗೆ ಡೆಸ್ಕ್‌ಟಾಪಿನ ಎಸ್‌ಎಸ್‌ಡಿ. ಡೆಸ್ಕ್‌ಟಾಪ್ ಹಳೆಯದೇ ದಾನವಾಗಿ ಸಿಗುತ್ತದೆ, ಕೊಳ್ಳಬೇಡಿ. 3,000 ರೂಪಾಯಿಯಾದರೂ ಮುಟ್ಟದೆ ಉಳಿಸಿ. ಒಂದು ಅಡಾಪ್ಟರ್ ಸುಟ್ಟರೆ ಅದನ್ನು ತರಲು ಸಭೆ ಕರೆಯುವಂತಾಗಬಾರದು.

ಕೇಬಲ್‌ನವರೊಡನೆ ಬರಹದಲ್ಲಿ ಮಾಡಿಕೊಳ್ಳಬೇಕಾದದ್ದು: ತುಂಡಾದರೆ ಎಷ್ಟು ದಿನದೊಳಗೆ ಸರಿಮಾಡುತ್ತಾರೆ, ಮೋಡೆಮ್ ಯಾರ ಸ್ವತ್ತು, ಎಷ್ಟು ಜಿಬಿ ನಂತರ ವೇಗ ಎಷ್ಟಕ್ಕೆ ಇಳಿಯುತ್ತದೆ, ಅಪ್‌ಲೋಡ್ ವೇಗ ಎಷ್ಟು. ಕನೆಕ್ಷನ್ ಹೆಡ್‌ಮಾಸ್ಟ್ರ ಹುದ್ದೆಯ ಹೆಸರಿನಲ್ಲಿರಲಿ, ಯಾರೊಬ್ಬರ ಸ್ವಂತ ಹೆಸರು, ಸ್ವಂತ ಮೊಬೈಲ್ ನಂಬರಿನಲ್ಲಿ ಬೇಡ. ಅವರು ನಿವೃತ್ತರಾದ ದಿನ ಓಟಿಪಿ ಯಾರ ಫೋನಿಗೋ ಹೋಗುತ್ತದೆ. ರೂಟರಿನ ಪಾಸ್‌ವರ್ಡ್, ಗ್ರಾಹಕ ಸಂಖ್ಯೆ, ಮೊದಲ ದಿನದ ಆರ್‌ಎಕ್ಸ್ ಅಂಕಿ, ಕೇಬಲ್ ಬಂದ ಕಂಬಗಳ ಚಿತ್ರ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಆಫೀಸಿನ ಕಪಾಟಿನಲ್ಲಿಡಿ. ಶಾಲೆಯ ಐ.ಟಿ. ಕೋಆರ್ಡಿನೇಟರ್ ಅಲ್ಲದೆ ಇನ್ನೊಬ್ಬ ಅಧ್ಯಾಪಕರಿಗೂ ಅದನ್ನು ಓದಿ ರೂಟರ್ ಮರುಹೊಂದಿಸಲು ಬರಬೇಕು. ಲ್ಯಾಪ್‌ಟಾಪನ್ನು ನೇರ ಮೋಡೆಮಿಗೆ ಲ್ಯಾನ್ ಕೇಬಲಿನಿಂದ ಸಿಕ್ಕಿಸಿ ವೇಗ ನೋಡುವುದನ್ನೂ ಇಬ್ಬರಿಗೂ ಕಲಿಸಿ: ಅಲ್ಲಿ ವೇಗ ಸರಿಯಿದ್ದು ತರಗತಿಯಲ್ಲಿ ಇಲ್ಲದಿದ್ದರೆ ತಪ್ಪು ನಿಮ್ಮ ವೈಫೈಯದ್ದು, ಅಲ್ಲೇ ಇಲ್ಲದಿದ್ದರೆ ಕೇಬಲ್‌ನವರದ್ದು.